ಮಳೆಗೆ ಹಾಕಿದ ಹೆಪ್ಪು

ಉಮಾಮಹೇಶ್ವರ ನನ್ನ ಹಳೆಯ ವಿದ್ಯಾರ್ಥಿ. ಏಳನೇ ತರಗತಿಯಲ್ಲಿ ಭೂಪಟದ ಮೇಲೆ ರಾಯದುರ್ಗ ಗುರುತಿಸು ಅಂದರೆ ಬಂಗಾಳ ಕೊಲ್ಲಿಯ ನಡುನೀರಿನಲ್ಲಿ ಚುಕ್ಕಿ ಇಟ್ಟ ಮಹಾನುಭಾವ. ಈಗ ಪುರಸಭೆಯಲ್ಲಿ ನೌಕರಿ. ಹೋದ ತಿಂಗಳು ಮನೆಗೆ ಬಂದು, "ಸಾರ್, ಊರು ಬೆಳಿಯಾಕತ್ತೈತಿ, ಒಂದು ಪುಸ್ತಕ ಮಾಡ್ತೀವಿ. ಭೂಗೋಳ, ಹವಾಮಾನ, ಇತಿಹಾಸ ಮೂರೂ ಸೇರ್ಸಿ ನಾಲ್ಕು ಪುಟ ಬರದು ಕೊಡ್ರಿ" ಅಂದ. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಅದನ್ನೇ ಒದರಿದವನು ನಾನು. ನಾಲ್ಕು ಪುಟ ಯಾವ ಮಹಾ ಅಂತ ಕೂತೆ.

ಭೂಗೋಳ ಅರ್ಧ ಗಂಟೆಯಲ್ಲಿ ಮುಗಿಯಿತು. ನೆತ್ತಿಯ ಮೇಲೆ ಕೋಟೆಬೆಟ್ಟ, ಬೆಟ್ಟದ ಬುಡಕ್ಕೆ ಅಂಟಿಕೊಂಡ ಹಳೇ ಊರು, ಬಳ್ಳಾರಿ ಕಡೆಗೆ ಓಬಳಾಪುರದ ಗಣಿಯ ಕೆಂಪು ಗುಡ್ಡಗಳು, ಗುಮ್ಮಘಟ್ಟದ ಕಡೆಗೆ ಕುರಿ ಮೇಯುವ ಬಯಲು. ಇತಿಹಾಸವೂ ಸಲೀಸಾಯಿತು. ವಿಜಯನಗರದವರು ಬಂದರು, ಪಾಳೆಯಗಾರರು ಬಂದರು, ಕುಂಪಣಿಯವರು ಬಂದರು. ಐವತ್ತಮೂರರಲ್ಲಿ ರಾಜ್ಯದ ಗೆರೆ ಎಳೆದಾಗ ಬಳ್ಳಾರಿ ಕನ್ನಡದ ಕಡೆ ಹೋಯಿತು, ನಾವು ತೆಲುಗಿನ ಕಡೆ ಉಳಿದೆವು. ನಮ್ಮ ತಾತ ಕೂತ ಕಟ್ಟೆಯಿಂದ ಏಳಲಿಲ್ಲ, ಅವನ ಜಿಲ್ಲೆ ಬದಲಾಯಿತು. ಆಮೇಲೆ ಜೀನ್ಸ್ ಹೊಲಿಗೆ ಬಂತು, ಸುತ್ತಲಿನ ಹಳ್ಳಿಯವರು ಮಷಿನ್ ತುಳಿಯಲು ಬಂದರು, ಊರು ರೈಲು ಹಳಿ ದಾಟಿ ಆಚೆಗೆ ಹಬ್ಬಿತು. ನಾನು ಹಳಿಯಾಚೆಯ ಹೊಸ ಕಾಲೊನಿಗೆ ಬಂದಾಗ ಎಂಟು ಮನೆಗಳಿದ್ದವು. ಈಗ ಮುನ್ನೂರು ದಾಟಿವೆ. ನಲ್ಲಿಯ ಪೈಪು ಮಾತ್ರ ಇನ್ನೂ ಹಳಿ ದಾಟಿಲ್ಲ. ಟ್ಯಾಂಕರ್ ಬಂದರೆ ನೀರು.

ಹವಾಮಾನಕ್ಕೆ ಬಂದಾಗ ಪೆನ್ನು ನಿಂತಿತು. "ಅರೆಶುಷ್ಕ" ಅಂತ ಒಂದು ಪದ ಬರೆದೆ. ಪಡುವಣ ಮಳೆ ಘಟ್ಟದಲ್ಲಿ ಸುರಿದು ಮಿಕ್ಕಿದ್ದು ನಮಗೆ, ಮೂಡಣ ಮಳೆ ಕರಾವಳಿಯಲ್ಲಿ ಸುರಿದು ಮಿಕ್ಕಿದ್ದು ನಮಗೆ. ಎರಡೂ ಊಟಕ್ಕೆ ನಮ್ಮದು ಕೊನೆಯ ಪಂಕ್ತಿ; ಪಾಯಸ ಮುಟ್ಟಿದರೆ ಮುಟ್ಟಿತು. ಇಷ್ಟು ಬರೆದವನಿಗೆ ಸುಂಕಮ್ಮ ನೆನಪಾದಳು. ಥೂ, ಈ ಊರಿನ ಹವಾಮಾನವನ್ನು ಕೈಯಲ್ಲಿ ಹಿಡಿದು ಅಳೆದವಳನ್ನು ಬಿಟ್ಟು ನಾನೇನು ಬರೆಯಲಿ ಅನ್ನಿಸಿತು. ಉಮಾಮಹೇಶ್ವರನ ನಾಲ್ಕು ಪುಟ ಹಾಗಿರಲಿ. ಮೊದಲು ಇದನ್ನು ಹೇಳಿಬಿಡುತ್ತೇನೆ.

ಸುಂಕಮ್ಮ ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಕಸ ಗುಡಿಸುವ, ನೀರು ತುಂಬಿಡುವ ಹೆಂಗಸು. ಯಾವ ಕಚೇರಿ ಅಂತ ಕೇಳಬೇಡಿ, ಹೇಳುವುದಿಲ್ಲ. ಅದರ ಹಿಂದಿನ ಅಂಗಳದಲ್ಲಿ ತಂತಿಬೇಲಿ, ಬೇಲಿಗೊಂದು ಪುಟ್ಟ ಗೇಟು, ಗೇಟಿಗೆ ಬೀಗ. ಒಳಗೆ ಮಳೆಮಾಪಕ. ಅಂದರೆ ಮತ್ತೇನಲ್ಲ, ಮೇಲೆ ಒಂದು ಆಲಿಕೆ, ಅದರ ಕೆಳಗೆ ಒಂದು ಬಾಟಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಎಷ್ಟು ಮಿಲಿಮೀಟರ್ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಇಪ್ಪತ್ತಮೂರು ವರ್ಷದ ಹಿಂದೆ ಯಾರೋ ಸಾಹೇಬರು, "ಹೇಗೂ ಗುಡಿಸೋಕೆ ಬರ್ತೀಯಲ್ಲ, ಇದನ್ನೂ ನೋಡು" ಅಂದರಂತೆ. ಅವತ್ತಿನಿಂದ ಇವಳೇ ನೋಡುತ್ತಿದ್ದಾಳೆ.

ನೋಡುವುದು ಅಂದರೆ ನಿಜವಾಗಿ ನೋಡುವುದು. ನೆತ್ತಿ ಬಿರಿಯುವ ಏಪ್ರಿಲ್ ಬಿಸಿಲಿನಲ್ಲೂ ಬೀಗ ತೆಗೆದು, ಬಾಟಲಿ ಎತ್ತಿ, ಬೋರಲು ಹಾಕಿ, ಒಂದು ಹನಿಯೂ ಬೀಳಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಸೊನ್ನೆ ಬರೆಯುತ್ತಾಳೆ. ನಾನೊಮ್ಮೆ ನಕ್ಕಿದ್ದೆ.

"ಏನವ್ವಾ ಸುಂಕಮ್ಮ, ಆಕಾಶ ನೋಡಿದ್ರೆ ಸಾಲದಾ? ಬಾಟ್ಲಿ ಬ್ಯಾರೆ ನೋಡ್ಬೇಕಾ?"

"ನೋಡದಂಗ ಬರದಿದ್ದು ಸುಳ್ಳು ಸೊನ್ನಿ ಆಗ್ತೈತ್ರಿ ಸಾರ್. ನೋಡಿ ಬರದಿದ್ದು ಖರೇ ಸೊನ್ನಿ" ಅಂದಳು.

ಮೂವತ್ತೊಂದು ವರ್ಷದ ನನ್ನ ಮೇಷ್ಟ್ರಗಿರಿ ಅಲ್ಲೇ ಇಳಿದುಹೋಯಿತು. ನಾನು ಎಷ್ಟು ಸುಳ್ಳು ಸೊನ್ನೆ ಹಾಕಿದ್ದೇನೋ, ಎಷ್ಟು ಉತ್ತರಪತ್ರಿಕೆಗಳ ಮೇಲೆ, ಆ ದೇವರಿಗೇ ಗೊತ್ತು.

ಅವಳ ಮನೆ ನಮ್ಮ ಮನೆಯಿಂದ ಮೂರನೆಯದು. ಗಂಡ ಜೀನ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಾನೆ, ಮಗಳು ಜ್ಯೋತಿ ಹೈಸ್ಕೂಲು. ಮನೆಯ ಯಜಮಾನಿಕೆ ಮಾತ್ರ ಅತ್ತೆ ಪಂಪಮ್ಮನದು. ಗುಮ್ಮಘಟ್ಟದ ಕಡೆಯ ಕುರಿ ಸಾಕುವ ಮನೆತನದ ಹೆಣ್ಣು, ಎಪ್ಪತ್ತಾರು ವರ್ಷ, ಮೊನ್ನೆ ಮೊನ್ನೆಯವರೆಗೂ ತಲೆಯ ಮೇಲೆ ಗಡಿಗೆ ಹೊತ್ತು ಕೋಟೆಬೀದಿಯಲ್ಲಿ ಮೊಸರು ಮಾರಿದಾಕೆ. ಕಾಲೊನಿಯ ಅರ್ಧ ಮನೆಗಳಿಗೆ ಸಂಜೆ ಹೆಪ್ಪು ಹೋಗುವುದು ಅವಳ ಗಡಿಗೆಯಿಂದಲೇ. ಯಾರದೇ ಬಟ್ಟಲು ಅವಳ ಮನೆಗೆ ಬಂದರೂ ಖಾಲಿ ವಾಪಸ್ ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಉದುರಿಸಿ ಕೊಡುತ್ತಾಳೆ. "ಖಾಲಿ ಪಾತ್ರಿ ಕೊಡಬಾರ್ದು, ಖಾಲಿ ಪಾತ್ರಿ ಒಡ್ಡಬಾರ್ದು" ಎನ್ನುವುದು ಅವಳ ಕಾನೂನು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆ ಇದೆಯಲ್ಲ, ಆ ಮನೆಯಲ್ಲಿ ಇಬ್ಬರದೂ ಒಂದೇ ಕಾಲದಲ್ಲಿ ನಡೆಯುತ್ತದೆ. ಇಬ್ಬರೂ ಜಗಳವಾಡಿದ್ದನ್ನು ಕೇಳಿದ್ದೇನೆ, ಊಟ ಬಿಟ್ಟಿದ್ದನ್ನು ಕೇಳಿಲ್ಲ.

ಎರಡು ವರ್ಷದ ಹಿಂದಿನ ಆಗಸ್ಟು. ಮೋಡ ಬರುತ್ತಿತ್ತು, ಕೋಟೆಬೆಟ್ಟದ ತಲೆ ಸವರುತ್ತಿತ್ತು, ಹೋಗುತ್ತಿತ್ತು. ಸುಂಕಮ್ಮ ಒಂದರ ಕೆಳಗೊಂದು ಇಪ್ಪತ್ತಾರು ಸೊನ್ನೆ ಬರೆದಿದ್ದಳು. ಮಂಡಲಗಳ, ಅಂದರೆ ಈ ಕಡೆಯ ತಾಲ್ಲೂಕುಗಳ, ಬರಗಾಲದ ಪಟ್ಟಿ ತಯಾರಾಗುವ ವಾರ ಅದು. ಇಷ್ಟು ದಿನ ಒಂದೇ ಸಮನೆ ಮಳೆ ಇಲ್ಲ ಎಂದು ಕಾಗದದಲ್ಲಿ ಇದ್ದರೆ ಪಟ್ಟಿಗೆ ಸೇರುತ್ತೇವೆ. ಸೇರಿದರೆ ಕುರಿಗಳಿಗೆ ಮೇವು ಬರುತ್ತದೆ, ನಮ್ಮ ಕಾಲೊನಿಗೆ ಮೂರು ದಿನಕ್ಕೊಮ್ಮೆ ಬರುವ ಟ್ಯಾಂಕರ್ ನಿಲ್ಲುವುದಿಲ್ಲ. ಇಲ್ಲದಿದ್ದರೆ ಇಲ್ಲ.

ಆ ಮಂಗಳವಾರ ಜ್ಯೋತಿಯ ಕಣ್ಣು ತೋರಿಸಲು ಸುಂಕಮ್ಮ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದಳು. ಬೇಲಿಯ ಬೀಗದ ಕೈಯನ್ನು ಅತ್ತೆಯ ಕೈಗಿಟ್ಟು, "ಕಚೇರಿಗೆ ಹೋಗಿ ಯರ್ರಪ್ಪಗ ಕೊಡ್ರಿ ಅತ್ತಿ, ಇವತ್ತು ಅವ ನೋಡ್ತಾನ" ಅಂದಳು. ಯರ್ರಪ್ಪ ಅಲ್ಲಿನ ಅಟೆಂಡರು. ಒಳ್ಳೆಯವನೇ, ಆದರೆ ಕುಂಭಕರ್ಣನ ಖಾಸಾ ತಮ್ಮ. ಎಂಟೂವರೆಗೆ ಬಾಟಲಿ ಎತ್ತಿದ. ಭಾರ! ಲೋಟಕ್ಕೆ ಸುರಿದ: ಇಪ್ಪತ್ತು, ಇಪ್ಪತ್ತು, ಆರು. ನಲವತ್ತಾರು ಮಿಲಿಮೀಟರ್. ನೀರು ಕೊಂಚ ಹಳದಿಯಾಗಿತ್ತಂತೆ. ಗಣಿ ಕಡೆಯ ಧೂಳು ಅಂದುಕೊಂಡ. ಸುತ್ತ ನೆಲ ಹಪ್ಪಳದ ಹಾಗೆ ಒಣಗಿತ್ತಲ್ಲೋ ಮಾರಾಯ ಎಂದು ಆಮೇಲೆ ಕೇಳಿದರೆ, "ರಾತ್ರಿ ಬಂದು ಇಂಗಿರ್ಬೇಕು ಅನ್ಕೊಂಡೆ ಸಾರ್, ನಾ ಮಲಗಿದ್ದೆ" ಅಂದ. ಬರೆದೂಬಿಟ್ಟ, ಫೋನಿನಲ್ಲಿ ಮೇಲಕ್ಕೆ ಕಳಿಸಿಯೂಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವತ್ತು ಸಂಜೆ ಸುಂಕಮ್ಮ ಚಪ್ಪಲಿ ಬಿಡುವ ಮೊದಲೇ ಪಂಪಮ್ಮ ಕೇಳಿದಳಂತೆ, "ಇವತ್ತು ಎಷ್ಟಂತವ್ವಾ?" ಮರುದಿನ ಬೆಳಿಗ್ಗೆ ರಿಜಿಸ್ಟರಿನಲ್ಲಿ ನಲವತ್ತಾರು ಕಂಡ ಸುಂಕಮ್ಮ ಬೀಗ ತೆಗೆದು ಬೇಲಿಯೊಳಗೆ ಹೋದಳು. ಬಾಟಲಿಯ ಒಳಗೆ ಬೆರಳು ಹಾಕಿ ಸವರಿದಳು. ಅರಿಶಿನ. ಇನ್ನು ಯಾರನ್ನೂ ಕೇಳುವ ಅಗತ್ಯ ಇರಲಿಲ್ಲ.

ಅಂಕಿ ಅಂಶ ನೋಡುವ ಅಧಿಕಾರಿ ಕಿರಣ್ ಕುಮಾರ್ ಎಂಬ ಹುಡುಗ. ಅನಂತಪುರದಿಂದ ಬಸ್ಸಿನಲ್ಲಿ ಬಂದು ಹೋಗುವವನು, ತೆಲುಗು ಮನೆಮಾತು, ಕನ್ನಡ ತಕ್ಕಮಟ್ಟಿಗೆ. ಸುಂಕಮ್ಮ ಹೋಗಿ, "ಸಾರ್, ಅದು ಮಳಿ ಅಲ್ರಿ, ಯಾರೋ ಹಾಕಿದ ನೀರು" ಅಂದಳು.

"ಏಂಟಮ್ಮಾ ಇದಿ! ಮೇಲಕ್ಕೆ ಹೋಗಿಬಿಟ್ಟಿದೆ. ಈಗ ಸೊನ್ನೆ ಮಾಡ್ಬೇಕಂದ್ರೆ ಕಾರಣ ಬರೆದು ಕೊಡ್ಬೇಕು. ಯಾರು ಹಾಕಿದ್ರು ಹೇಳು. ಸರ್ಕಾರಿ ಸಾಮಾನಿಗೆ ಕೈ ಹಾಕಿದವರ ಮೇಲೆ ಕೇಸು ಆಗುತ್ತೆ" ಅಂದ.

ಕೇಸು ಅಂದಿದ್ದೇ ತಡ, ಸುಂಕಮ್ಮ ಬಾಯಿ ಮುಚ್ಚಿಕೊಂಡು ಸೀದಾ ನನ್ನ ಮನೆಗೆ ಬಂದಳು, ತೆಲುಗಿನಲ್ಲಿ ಅರ್ಜಿ ಬರೆಸಲು.

"ಬರೀರಿ ಸಾರ್. ನಾನು ಗೇಟಿನ ಬೀಗ ಹಾಕೋದು ಮರತೆ. ಯಾರೋ ಮಕ್ಕಳು ಒಳಗ ಹೋಗಿ ನೀರು ಹಾಕ್ಯಾರ. ತಪ್ಪು ನಂದು."

"ಸುಳ್ಳು!" ಅಂದೆ. ನನಗೆ ಸಿಟ್ಟು ಬೇಗ. "ಇಪ್ಪತ್ತಮೂರು ವರ್ಷ ಒಂದು ಸೊನ್ನಿ ಸುಳ್ಳು ಬರೀಲಿಲ್ಲ, ಈಗ ಅರ್ಜಿನೇ ಸುಳ್ಳು ಬರೆಸ್ತೀಯಾ? ಕೆಲಸ ಹೋಗ್ತೈತಿ, ಗೊತ್ತೈತಾ?"

"ಹೋಗ್ಲಿ ಬಿಡ್ರಿ." ಅವಳ ಕಣ್ಣು ತುಂಬಿತ್ತು. "ಸೊನ್ನಿ ಸೊನ್ನಿ ಆಗ್ಬೇಕು ಸಾರ್, ಇಲ್ಲಾಂದ್ರ ಕಾಲೊನಿಗೆ ನೀರು ನಿಲ್ತೈತಿ. ಆದ್ರ ಅತ್ತಿನ್ನ ಕಚೇರಿ ಮೆಟ್ಟಲು ಹತ್ತಿಸಬ್ಯಾಡ್ರಿ. ಪೊಲೀಸು ಗಿಲೀಸು ಅಂದ್ರ ಆ ಜೀವ ತಡಿಯಂಗಿಲ್ಲ. ಕಚೇರ್ಯಾಗ ಮಳಿ ಬರದಾರ ಅಂತ ಯರ್ರಪ್ಪನ ಬಾಯಾಗ ಕೇಳಿದಾಗಿಂದ ಮನ್ಯಾಗ ಕುಣೀಲಿಲ್ಲ ಅಷ್ಟೇ, ಅಷ್ಟು ಖುಷಿ ಅದಾರ. ನಿಮಗ ಕೈ ಮುಗೀತೀನಿ, ಅವ್ರಿಗೆ ಹೇಳಬ್ಯಾಡ್ರಿ."

ಬರೆದುಕೊಟ್ಟೆ. ಮೂಲೆಯಲ್ಲಿ ಸುಂಕಮ್ಮ ಕನ್ನಡದಲ್ಲಿ ಸಹಿ ಹಾಕಿದಳು. ನಾಳೆ ಹನ್ನೊಂದಕ್ಕೆ ಸಾಹೇಬರ ಕೈಗೆ ಕೊಡುತ್ತೇನೆ ಅಂದಳು. ಅತ್ತೆಗೆ ಹೇಳುವುದಿಲ್ಲ ಎಂದು ಮಾತೂ ಕೊಟ್ಟೆ.

ಕೊಟ್ಟ ಮಾತು ಎಷ್ಟು ಹೊತ್ತು ಉಳಿಯಿತು ಅಂದರೆ ಮರುದಿನ ಬೆಳಿಗ್ಗೆ ಟ್ಯಾಂಕರ್ ಬರುವವರೆಗೆ. ಕೊಡಗಳ ಸಾಲಿನಲ್ಲಿ ನನ್ನ ಮುಂದೆ ಪಂಪಮ್ಮ. ಡ್ರೈವರ್, "ಇನ್ಮ್ಯಾಲೆ ಬರ್ತೀವೋ ಇಲ್ವೋ, ನಿಮ್ಮ ಕಡೆ ಮಳಿ ಆಗೈತಂತಲ್ಲ" ಅಂದ. ಮುದುಕಿ ಎದೆಯುಬ್ಬಿಸಿ, "ಆಗೈತಿ ಮತ್ತ! ಸರ್ಕಾರದೋರೇ ಬರದಾರ" ಅಂದಳು. ನನಗೆಲ್ಲಿತ್ತೋ ರೋಷ!

"ನೀ ಒಂದು ಚೊಂಬು ಹಾಕಿದಿ, ಅಲ್ಲಿ ನಿನ್ನ ಸೊಸಿ ಗೇಟಿಗೆ ಬೀಗ ಹಾಕ್ಲಿಲ್ಲ ಅಂತ ತಪ್ಪು ತನ್ನ ತಲಿ ಮ್ಯಾಲೆ ಹಾಕ್ಕೊಂಡಾಳ. ಇವತ್ತು ಹನ್ನೊಂದು ಗಂಟೆಗೆ ಆಕಿ ಕೆಲಸ ಹೋಗ್ತೈತಿ, ಸಂತೋಷ ಪಡು ಹೋಗು!" ಅಂದುಬಿಟ್ಟೆ.

ಪಂಪಮ್ಮನ ಕೊಡ ತುಂಬಿ ಹೊರಗೆ ಹರಿಯಿತು, ಅವಳು ಅದನ್ನು ಎತ್ತಲಿಲ್ಲ. ಹರಿದ ನೀರನ್ನು ನೋಡುತ್ತ ನಿಂತಳು. ಆಮೇಲೆ ಮನೆ ಕಡೆ ಹೊರಟಳು. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅನ್ನಿಸಿತು. ಎರಡೂ ಕೊಡ ಅಲ್ಲೇ ಬಿಟ್ಟು ಬೆನ್ನ ಹಿಂದೆಯೇ ಓಡಿದೆ. ಅಷ್ಟರಲ್ಲಿ ಅವಳು ಹಿತ್ತಾಳೆ ಚೊಂಬು ಸೆರಗಿನಲ್ಲಿ ಸುತ್ತಿಕೊಂಡು ರೈಲು ಹಳಿ ದಾಟುತ್ತಿದ್ದಳು. ಆಟೋ ಹತ್ತು ಅಂದರೆ ಹತ್ತಲಿಲ್ಲ. ನಡೆದೇ ಹೋದಳು, ನಾನೂ ಹಿಂದೆ ಹಿಂದೆ.

ಕಚೇರಿಯಲ್ಲಿ ಕಿರಣ್ ಕುಮಾರನ ಮೇಜಿನ ಮುಂದೆ ಸುಂಕಮ್ಮ ತಲೆ ತಗ್ಗಿಸಿ ನಿಂತಿದ್ದಳು. ನನ್ನ ಕೈಬರಹದ ಸುಳ್ಳು ಅವನ ಕೈಯಲ್ಲಿತ್ತು. ಬಾಗಿಲಲ್ಲಿ ಅತ್ತೆಯನ್ನು ಕಂಡು ಸುಂಕಮ್ಮ ಬೆಚ್ಚಿಬಿದ್ದಳು, ನನ್ನ ಕಡೆ ತಿರುಗಿದ ಅವಳ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಪಂಪಮ್ಮ ಚೊಂಬನ್ನು ಮೇಜಿನ ಮೇಲೆ ಟಣ್ಣನೆ ಇಟ್ಟಳು.

"ಸಾರೂ, ಈಕಿ ಗೇಟು ಬಿಟ್ಟಿಲ್ಲ. ಬೀಗ ತಗದಾಕಿ ನಾನು, ನೀರು ಹಾಕ್ದಾಕಿ ನಾನು. ಇದೇ ಚೊಂಬು. ಏನು ಮಾಡ್ತೀರಿ ನನಗ ಮಾಡ್ರಿ."

"ಯಾಕಮ್ಮಾ ಹಾಕಿದ್ರಿ?"

"ಹೆಪ್ಪು ಹಾಕ್ದೆ."

ಕಿರಣ್ ಕುಮಾರ್ ಅರ್ಥವಾಗದೆ ನನ್ನ ಮುಖ ನೋಡಿದ. "ತೋಡು," ಅಂದೆ ತೆಲುಗಿನಲ್ಲಿ, "ಹಾಲಿಗೆ ಹಾಕ್ತಾರಲ್ಲ, ಅದು."

"ಬರೇ ಹಾಲು ಇಟ್ಟು ನೋಡ್ಕೋತ ಕುಂತ್ರ ಮೊಸರು ಆಗ್ತೈತೇನ್ರಿ?" ಪಂಪಮ್ಮ ಹೇಳಿದಳು. "ಒಂದು ಚಮಚ ಮೊಸರು ಬೀಳ್ಬೇಕು. ನಿಮ್ಮ ಆ ಪಾತ್ರಿ ಇಪ್ಪತ್ತಾರು ದಿನ ಒಣಗಿ ಬಾಯಿ ತಕ್ಕೊಂಡು ನಿಂತೈತಿ. ಖಾಲಿ ಪಾತ್ರಿ ಒಡ್ಡಿದ್ರ ಮ್ಯಾಲಿನಾತ ಏನಂತ ಹಾಕ್ಯಾನ? ಅದಕ್ಕ ಒಂಚೂರು ಅರಿಶಿಣ ಕಲಸಿ ಒಂದು ಚೊಂಬು ಹಾಕ್ದೆ. ಟ್ಯಾಂಕರ್ ನೀರು, ನನ್ನ ಪಾಲಿನ ನೀರು. ಕದ್ದಿದ್ದಲ್ಲ."

ಯಾರೂ ನಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಯರ್ರಪ್ಪ ಕೂಡ.

"ಮಳಿ ಸಲುವಾಗೇ ಹಾಕ್ದೆ ಅಂದ್ರ ಅದೂ ಸುಳ್ಳಾಗ್ತೈತ್ರಿ." ಮುದುಕಿಯ ದನಿ ಇಳಿಯಿತು. "ಈಕಿ ದಿನಾ ಮನಿಗೆ ಬರ್ತಾಳ. 'ಎಷ್ಟವ್ವಾ?' ಅಂತೀನಿ. 'ಸೊನ್ನಿ, ಅತ್ತಿ' ಅಂತಾಳ. ತಾನೇ ಏನೋ ತಪ್ಪು ಮಾಡಿದಂಗ ನೆಲ ನೋಡ್ಕೋತ ಅಂತಾಳ. ನೀರಿನ ಸಾಲಿನ್ಯಾಗ ಹೆಂಗಸ್ರು, 'ಸುಂಕಿ ಕೈ ಒಣಗಿದ ಕೈ, ಅದಕ್ಕ ಮಳಿ ಇಲ್ಲ' ಅಂತ ಆಡ್ಕೋತಾರ. ನನ್ನ ಕೂಸು ಒಂದಿನ ಆದ್ರೂ ಬ್ಯಾರೆ ಏನರ ಬರೀಲಿ ಅಂತ ಹಾಕ್ದೆ. ಬೀಗದ ಕೈ ಸಿಕ್ಕಿದ್ದು ಅವತ್ತೊಂದೇ ದಿನ. ನೋಡ್ರಿ ನನ್ನ ಹಣೇಬರ, ಅದನ್ನೂ ಈ ಯರ್ರಪ್ಪ ಬರದ!"

ಸುಂಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿದೆ. ನನಗೂ ಅಳು ಬಂದಿತ್ತು, ಯಾಕೆ ಮುಚ್ಚಿಡಲಿ.

ಕಿರಣ್ ಕುಮಾರ್ ಎದ್ದು, ಚೊಂಬಿಗೆ ನೀರು ತುಂಬಿಸಿ, ಮಳೆ ಅಳೆಯುವ ಗಾಜಿನ ಲೋಟ ತರಿಸಿದ. ಅಳೆದ. ಇಪ್ಪತ್ತು, ಇಪ್ಪತ್ತು, ಹತ್ತು. "ಐವತ್ತು ಬರುತ್ತೆ. ಬರೆದಿರೋದು ನಲವತ್ತಾರು" ಅಂದ.

"ಕೈ ನಡುಗ್ತಾವಲ್ರಿ, ಒಂಚೂರು ಹೊರಗ ಚೆಲ್ತು" ಅಂದಳು ಪಂಪಮ್ಮ, ಅದಕ್ಕೂ ಕೇಸು ಬೀಳುತ್ತದೋ ಏನೋ ಎಂಬ ಹೆದರಿಕೆಯಲ್ಲಿ.

ಅವನು ನನ್ನ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿದ. ಬೇರೆ ಹಾಳೆಯ ಮೇಲೆ ತಾನೇ ಬರೆದ: ವಯಸ್ಸಾದ ಮಹಿಳೆಯೊಬ್ಬರು ನಂಬಿಕೆಯಿಂದ ನೀರು ಹಾಕಿದ್ದಾರೆ, ಪಾತ್ರೆಯನ್ನು ಅಳೆದು ಪರಿಶೀಲಿಸಲಾಗಿದೆ, ಅಂದಿನ ಮಳೆ ಸೊನ್ನೆ. ಮೇಲಿನವರಿಗೆ ಫೋನು ಮಾಡಿ ಅರ್ಧ ಗಂಟೆ ಬೈಸಿಕೊಂಡ. ಕೊನೆಗೆ ರಿಜಿಸ್ಟರಿನಲ್ಲಿ ನಲವತ್ತಾರಕ್ಕೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸೊನ್ನೆ ಬರೆದು ಸಹಿ ಹಾಕಿದ. ಬೀಗದ ಕೈಯನ್ನು ಇನ್ನು ಯಾರ ಕೈಗೂ ಕೊಡಬಾರದು ಎಂದು ಸುಂಕಮ್ಮನಿಗೆ ಒಂದು ಮೆಮೊ. ಅಷ್ಟೇ. ಚೊಂಬು ಮಾತ್ರ ಸಾಕ್ಷಿ, ಫೈಲು ಮುಗಿಯುವವರೆಗೆ ಇಲ್ಲೇ ಇರಬೇಕು ಎಂದು ಅದಕ್ಕೊಂದು ಚೀಟಿ ಕಟ್ಟಿ ಬೀರುವಿನ ಮೇಲಿಟ್ಟ.

ಸುಂಕಮ್ಮ ನನ್ನ ಜೊತೆ ಒಂದು ವಾರ ಮಾತು ಬಿಟ್ಟಳು. ತಪ್ಪು ನನ್ನದೇ, ಸುಮ್ಮನಿದ್ದೆ. ಪಂಪಮ್ಮ ಕಟ್ಟೆಯ ಮೇಲೆ ಕೂತು ಆಕಾಶ ನೋಡುವುದನ್ನು ಬಿಟ್ಟಳು. "ಎಷ್ಟವ್ವಾ?" ಅಂತ ಕೇಳುವುದನ್ನೂ ಬಿಟ್ಟಳು. ಸೊಸೆ ಬೆಳಿಗ್ಗೆ ಹೋಗುತ್ತಿದ್ದಳು, ಖರೇ ಸೊನ್ನೆ ಬರೆಯುತ್ತಿದ್ದಳು, ಬರುತ್ತಿದ್ದಳು. ಆ ಮನೆಯಲ್ಲಿ ಜಗಳದ ಸದ್ದೂ ಇರಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಗಿತ್ತು. ಮಂಡಲ ಪಟ್ಟಿಗೆ ಸೇರಿತು, ಟ್ಯಾಂಕರ್ ಬರುತ್ತಲೇ ಇತ್ತು.

ಒಂಬತ್ತನೇ ದಿನ, ಮಖೆ ಮಳೆಯ ಕಾಲ, ಸಂಜೆ ಕೋಟೆಬೆಟ್ಟದ ಹಿಂದೆ ಕಪ್ಪಾಯಿತು. ಈ ಸಲ ಮೋಡ ತಲೆ ಸವರಿ ಹೋಗಲಿಲ್ಲ. ಹೊಸ ಕಾಲೊನಿಯ ಮಣ್ಣುರಸ್ತೆಗಳಲ್ಲಿ ನೀರು ಹರಿಯಿತು, ಮುನ್ನೂರು ಮನೆಯವರೂ ಬಕೆಟ್ಟು ಬಾನಿ ತಂದು ಹೊರಗಿಟ್ಟರು. ಚೊಂಬಿನ ಹೆಪ್ಪಿನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಭೂಗೋಳದ ಮೇಷ್ಟ್ರು ನಾನು, ಹಾಗೆಲ್ಲ ಹೇಳಬಾರದು.

ಮರುದಿನ ಎಂಟೂವರೆಗೆ ಸುಂಕಮ್ಮ ಅಳೆದಳು, ಬರೆದಳು. ಅಳೆದ ನೀರನ್ನು ನೆಲಕ್ಕೆ ಚೆಲ್ಲುವುದು ಪದ್ಧತಿ. ಅವಳು ಚೆಲ್ಲಲಿಲ್ಲ. ಲೋಟ ಹಿಡಿದುಕೊಂಡೇ ಕಿರಣ್ ಕುಮಾರನ ಬಳಿ ಹೋಗಿ, "ಸಾರ್, ನಮ್ಮತ್ತಿ ಚೊಂಬು ಕೊಡ್ತೀರಾ?" ಅಂದಳಂತೆ. ಅವನು ಬೀರುವಿನ ಮೇಲಿಂದ ತೆಗೆದು, ಚೀಟಿ ಬಿಚ್ಚಿ, ತಾನೇ ಒರೆಸಿ ಕೊಟ್ಟ.

ನಾನು ನಮ್ಮ ಗೇಟಿನಲ್ಲಿ ನಿಂತಿದ್ದೆ. ಸುಂಕಮ್ಮ ಕೆಸರಿನಲ್ಲಿ ಹುಷಾರಾಗಿ ಹೆಜ್ಜೆ ಇಡುತ್ತ, ಚೊಂಬಿನ ಬಾಯಿಗೆ ಅಂಗೈ ಮುಚ್ಚಿಕೊಂಡು ಬಂದಳು. ಕಟ್ಟೆಯ ಮೇಲೆ ಕೂತಿದ್ದ ಅತ್ತೆಯ ಮಡಿಲಿಗೆ ಅದನ್ನು ಇಟ್ಟಳು. ಮುದುಕಿ ಬಗ್ಗಿ ನೋಡಿದಳು. ತಳದಲ್ಲಿ ಕಾಲು ಚೊಂಬು ನೀರು, ತಿಳಿಯಾದದ್ದು.

"ಏನೇ ಇದು?"

"ಖಾಲಿ ಪಾತ್ರಿ ವಾಪಸ್ ಕೊಡಬಾರ್ದು ಅಂತ ನೀವೇ ಹೇಳ್ತಿದ್ರಲ್ಲ, ಅತ್ತಿ."

ಪಂಪಮ್ಮ ಬೆರಳು ಅದ್ದಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಎಷ್ಟೋ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ, ಒಂಬತ್ತು ದಿನಗಳ ಮೇಲೆ, ಕೇಳಿದಳು.

"ಎಷ್ಟವ್ವಾ?"

"ಹದಿನಾಲ್ಕು ಅತ್ತಿ."

"ಯಾರು ಬರದ್ರು?"

"ನಾನೇ ಬರದೆ."